ಎಕ್ಸ್‌ಪ್ರೆಸ್ ಓಡಿಹೋದ ಭಾನುವಾರ

ಕನ್ನಡಕದ ಅಂಗಡಿಯವನಿಗೆ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟವಳು ಪಕ್ಕದ ಬೇಕರಿಯವಳು. ಬೆಳಗ್ಗೆ ಅವನು ಓಡಿಕೊಂಡು ಬರುವಾಗ ಏದುಸಿರಿನ ಸದ್ದು ಬೀದಿಯ ಆ ತುದಿಯಿಂದಲೇ ಕೇಳಿಸುತ್ತಿತ್ತು, ಆಳು ಬಂದು ಮುಟ್ಟುವುದು ಮಾತ್ರ ಯಾವಾಗಲೂ ತಡ. ಅದನ್ನು ನೋಡಿಯೇ ಅವಳು ಆ ಹೆಸರಿಟ್ಟಿದ್ದು. ಅವನು ಹೊಗಳಿಕೆ ಎಂದು ತಿಳಿದ. ಹಾಗೆ ತಿಳಿದು, ಓಡುವಾಗ ಹಾಕುವ ಬನಿಯನ್ನಿನ ಬೆನ್ನ ಮೇಲೆ ಆ ಹೆಸರನ್ನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಂಡ.

ಓಟ ಶುರುವಾಗಿದ್ದು ಹೊಟ್ಟೆ ಕರಗಿಸುವುದಕ್ಕೆ. ಹೊಟ್ಟೆ ಇದ್ದಲ್ಲೇ ಇತ್ತು, ಓಟ ಮಾತ್ರ ತಲೆಗೆ ಹತ್ತಿತು. ಮೊದಲು ಹಳೇ ಚಡ್ಡಿ, ಕ್ಯಾನ್ವಾಸ್ ಶೂ. ಆಮೇಲೆ ಗಾಳಿ ತುಂಬಿದ ಹಿಮ್ಮಡಿಯ ಶೂ, ಬೆವರು ಹೀರುವ ಕಾಲುಚೀಲ, ಎದೆಬಡಿತ ಎಣಿಸುವ ಗಡಿಯಾರ, ಸೊಂಟಕ್ಕೆ ಕಟ್ಟುವ ನೀರಿನ ಪಟ್ಟಿ. ಇಷ್ಟನ್ನೂ ಕಟ್ಟಿಕೊಂಡು ಅವನು ಮೆಟ್ಟಿಲಿಳಿದರೆ ಓಡುವುದಕ್ಕೆ ಹೊರಟಂತೆ ಕಾಣುತ್ತಿರಲಿಲ್ಲ, ಎಲ್ಲೋ ಬಾವಿಗೆ ಇಳಿಯುವುದಕ್ಕೆ ಹೊರಟಂತೆ ಕಾಣುತ್ತಿತ್ತು. ಮಂಡಿ ನೋಯದ ದಿನ ಇರಲಿಲ್ಲ. ಆದರೆ ಮಂಡಿನೋವಿನ ಬಗ್ಗೆ ಮಾತಾಡುವಾಗ ಅವನ ಮುಖದಲ್ಲಿ ಬರುತ್ತಿದ್ದ ಕಳೆಯನ್ನು ನೋಡಿದವರಿಗೆ, ತಮಗೂ ಒಂದು ಮಂಡಿನೋವು ಇದ್ದಿದ್ದರೆ ಎನ್ನಿಸಬೇಕು.

ಅವನ ಮಾತಿಗೆ ಸಿಕ್ಕಿಬೀಳುತ್ತಿದ್ದವರು ಗಿರಾಕಿಗಳು. ಕಣ್ಣು ಪರೀಕ್ಷೆಗೆ ಕೂತವರ ಮೂಗಿನ ಮೇಲೆ ಭಾರದ ಕಬ್ಬಿಣದ ಫ್ರೇಮು ಕೂರಿಸಿ, ಒಂದು ಕಣ್ಣಿಗೆ ಮುಚ್ಚಳ ಹಾಕಿದ ಮೇಲೆ ಅವರು ಎದ್ದು ಹೋಗುವಂತಿರಲಿಲ್ಲ. ಅವನು ಗಾಜು ಬದಲಿಸುತ್ತ, ಈಗ ಸ್ಪಷ್ಟವೋ, ಈಗಲೋ ಎಂದು ಕೇಳುತ್ತ, ನಡುನಡುವೆ ತಾನು ಅವತ್ತು ಏರು ರಸ್ತೆಯಲ್ಲಿ ಹೇಗೆ ಓಡಿದೆ, ಇಳಿಜಾರಿನಲ್ಲಿ ಹೇಗೆ ಕಾಲು ಬಿಟ್ಟೆ ಎಂದು ಹೇಳುತ್ತಿದ್ದ. ಎಷ್ಟೋ ಜನ ಮಾತು ಮುಗಿದರೆ ಸಾಕೆಂದು, ಅಕ್ಷರ ಮಬ್ಬಾಗಿದ್ದರೂ ಸ್ಪಷ್ಟ ಎಂದುಬಿಡುತ್ತಿದ್ದರು. ವಾರ ಕಳೆದ ಮೇಲೆ ಅವರೇ ಕನ್ನಡಕ ಹಿಡಿದುಕೊಂಡು ವಾಪಸ್ ಬರುತ್ತಿದ್ದರು.

ಕೌಂಟರಿನಲ್ಲಿ ಕೂರುತ್ತಿದ್ದವಳು ಹೆಂಡತಿ. ಫ್ರೇಮನ್ನು ಬಿಸಿ ಮಾಡಿ ಗಿರಾಕಿಯ ಕಿವಿಗೆ ತಕ್ಕಂತೆ ಬಗ್ಗಿಸುವುದು, ಸಾಸಿವೆಯಷ್ಟು ಸಣ್ಣ ಸ್ಕ್ರೂ ಬಿಗಿಯುವುದು ಅವಳ ಕೆಲಸ. ಅಂಥ ಸ್ಕ್ರೂವನ್ನು ತುಟಿಯ ಮಧ್ಯೆ ಇಟ್ಟುಕೊಂಡು ದುಡಿಯುವವಳು ಮಾತು ಕಡಿಮೆ ಆಡುವುದು ಸಹಜ. ಗಂಡನ ಓಟದ ಕಥೆಗೆಲ್ಲ ಅವಳದು ಒಂದೇ ಉತ್ತರ, "ಹೌದಾ." ಆ ಹೌದಾದಲ್ಲಿ ವ್ಯಂಗ್ಯವೂ ಇರಲಿಲ್ಲ, ಬೆರಗೂ ಇರಲಿಲ್ಲ. ಹೊರಗೆ ಬಿಸಿಲಿದೆ ಎಂದರೂ ಅವಳು ಹಾಗೇ ಹೌದಾ ಎನ್ನುತ್ತಿದ್ದಳು. ಎಕ್ಸ್‌ಪ್ರೆಸ್ಸಿಗೆ ಅದೊಂದು ಮುಳ್ಳಿನಂತೆ ಚುಚ್ಚುತ್ತಿತ್ತು. ಬೀದಿಯೆಲ್ಲ ಎಕ್ಸ್‌ಪ್ರೆಸ್ ಎನ್ನುವಾಗ ಮನೆಯವಳಿಗೆ ಮಾತ್ರ ತಾನು ಕನ್ನಡಕದವನೇ ಆಗಿ ಉಳಿದೆನಲ್ಲ ಎಂದು. ಅವಳು ಒಂದು ಸಲ, ಒಂದೇ ಒಂದು ಸಲ, ತನ್ನ ಓಟವನ್ನು ಕಣ್ಣಾರೆ ನೋಡಿ ಹುಬ್ಬೇರಿಸಬೇಕು ಎಂಬುದೇ ಅವನ ಆಸೆಯಾಗಿತ್ತು. ಮಿಕ್ಕದ್ದೆಲ್ಲ ಅದರ ಸುತ್ತ ಕಟ್ಟಿದ ಸಡಗರ.

ಓಡುವವರದೊಂದು ಗುಂಪಿತ್ತು, ಮುಂಜಾವಿನ ಮಿಂಚು ಅಂತ. ಅದರ ಕೋಚ್ ಮೊದಲು ಹಾಸಿಗೆ ಅಂಗಡಿ ಇಟ್ಟಿದ್ದವನು. ಜನರನ್ನು ಮಲಗಿಸುವ ಕೆಲಸ ಬಿಟ್ಟು ಎಬ್ಬಿಸುವ ಕೆಲಸ ಹಿಡಿದಿದ್ದ. ಗುಂಪಿನ ತೀರಾ ಹಿಂದೆ ಎಕ್ಸ್‌ಪ್ರೆಸ್ಸಿಗೆ ಜೊತೆಯಾಗಿ ಓಡುತ್ತಿದ್ದವಳು ಹಲ್ಲಿನ ಡಾಕ್ಟರಮ್ಮ. ಅವಳೂ ದಿನವಿಡೀ ಬಾಯಿ ತೆರೆದು ಮಲಗಿದವರ ಹತ್ತಿರ ಮಾತಾಡುವವಳು. ಎದುರಿನವರು ಉತ್ತರ ಕೊಡದೆ ಇರುವುದೇ ಇಬ್ಬರಿಗೂ ಅಭ್ಯಾಸವಾಗಿದ್ದರಿಂದ, ಒಬ್ಬರ ಮಾತನ್ನು ಒಬ್ಬರು ಕೇಳದೆ ಇಬ್ಬರೂ ಸುಖವಾಗಿ ಮಾತಾಡುತ್ತಿದ್ದರು. ಓಡುವಾಗ ಮಾತಾಡುವುದಕ್ಕೆ ಆದರೆ ಅದೇ ಸರಿಯಾದ ವೇಗ ಎಂದು ಕೋಚ್ ಒಂದು ದಿನ ಹೇಳಿದ್ದ. ಆ ಪಾಠದಲ್ಲಿ ಮಾತಿನ ಭಾಗವನ್ನು ಇಬ್ಬರೂ ಚೆನ್ನಾಗಿ ಕಲಿತಿದ್ದರು.

ಊರಿನ ದೊಡ್ಡ ಓಟ ಭಾನುವಾರ ಬಂತು. ಮುಗಿಯುವುದು ಕ್ರೀಡಾಂಗಣದಲ್ಲಿ. ಭಾನುವಾರವೆಂದರೆ ಅಂಗಡಿಯಲ್ಲಿ ಕಾಲಿಡುವುದಕ್ಕೆ ಜಾಗವಿಲ್ಲದ ದಿನ. ಆದರೂ ಎಕ್ಸ್‌ಪ್ರೆಸ್ ಹಟ ಹಿಡಿದು ಅಂಗಡಿ ಮುಚ್ಚಿಸಿದ. ಹೆಂಡತಿ ಬರಲೇಬೇಕು, ಗೆರೆ ದಾಟುವ ಜಾಗದಲ್ಲೇ ನಿಲ್ಲಬೇಕು, ಅತ್ತೆಯನ್ನೂ ಕರೆದುಕೊಂಡು ಬರಬೇಕು. ಅತ್ತೆಯೆಂದರೆ ಹೆಂಡತಿಯ ತಾಯಿ, ಇವರ ಜೊತೆಗೇ ಇದ್ದವರು. ಅಳಿಯಂದಿರು ಕರೆದರಲ್ಲ ಎಂದು ಅವರು ಮಡಿಚುವ ಕುರ್ಚಿ, ಕೊಡೆ, ಫ್ಲಾಸ್ಕಿನಲ್ಲಿ ಚಹಾ ಎಲ್ಲ ಹಿಡಿದು ಸಿದ್ಧರಾದರು.

ಓಟ ಶುರುವಾದಾಗ ಎಕ್ಸ್‌ಪ್ರೆಸ್ ಬಾಣದ ಹಾಗೆ ಹೊರಟ. ದಾರಿಯ ಮೊದಲ ತಿರುವಿನಲ್ಲಿ ಫೋಟೋ ತೆಗೆಯುವವರು ನಿಂತಿದ್ದರು ಎಂಬುದೂ ಅದಕ್ಕೆ ಕಾರಣ. ತನಗಿಂತ ಚಿಕ್ಕವರನ್ನೆಲ್ಲ ಹಿಂದೆ ಹಾಕಿದ. ಸೇತುವೆಯ ಮೇಲೆ ಬಂದಾಗ ಅದೇ ಚಿಕ್ಕವರು ಒಬ್ಬೊಬ್ಬರಾಗಿ, ಸ್ವಲ್ಪವೂ ಉಬ್ಬಸವಿಲ್ಲದೆ, ಅವನನ್ನು ದಾಟಿಕೊಂಡು ಹೋದರು. ಸೇತುವೆ ಇಳಿಯುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡಿತು. ಸೇತುವೆಯ ಮೇಲೆ ಬಂದು ಜೊತೆ ಸೇರಿದ್ದ ಡಾಕ್ಟರಮ್ಮನ ಹೊಸ ಶೂ ಹಿಮ್ಮಡಿ ಕಚ್ಚುತ್ತಿತ್ತು. ಮೀನಿನ ಮಾರ್ಕೆಟ್ಟಿನ ಹತ್ತಿರ ಇಬ್ಬರೂ ನಿಂತರು. ಎದುರಿಗೇ ಒಂದು ಹೋಟೆಲಿತ್ತು, ಬಾಗಿಲಲ್ಲಿ ಬಾಣಲೆ ಇಟ್ಟುಕೊಂಡು ಬಾಳೆಹಣ್ಣು ಹಾಕಿದ ಸಿಹಿ ಬನ್ನು ಕರಿಯುತ್ತಿದ್ದರು. ಒಂದು ನಿಮಿಷ ಕೂತು ಎದ್ದು ಹೋಗೋಣ ಎಂದು ಯಾರು ಮೊದಲು ಹೇಳಿದರೋ, ಆಮೇಲೆ ಇಬ್ಬರಿಗೂ ನೆನಪಾಗಲಿಲ್ಲ. ಮೂರನೇ ತಟ್ಟೆ ಬನ್ನು ಬರುವ ಹೊತ್ತಿಗೆ, ಓಟದ ಎಲ್ಲರಿಗಿಂತ ಹಿಂದೆ ಬರುವ ಕಸದ ಗಾಡಿ, ದಾರಿಯುದ್ದಕ್ಕೂ ಬಿದ್ದ ಕಾಗದದ ಲೋಟ ಆರಿಸಿಕೊಳ್ಳುತ್ತ ಕಿಟಕಿಯ ಮುಂದೆಯೇ ಹಾದುಹೋಯಿತು.

ಎಕ್ಸ್‌ಪ್ರೆಸ್ಸಿನ ಕೈಯಲ್ಲಿದ್ದ ಬನ್ನು ಕೈಯಲ್ಲೇ ಉಳಿಯಿತು. ಹೆಂಡತಿ ಅಲ್ಲಿ ಗೆರೆಯ ಹತ್ತಿರ ನಿಂತಿದ್ದಾಳೆ. ಫೋನು ಮಾಡೋಣವೆಂದರೆ, ಓಟದುದ್ದಕ್ಕೂ ಕಿವಿಯಲ್ಲಿ ಶಹಬ್ಬಾಸ್ ಹೇಳುವ ಹೆಂಗಸಿನ ದನಿಗಾಗಿ ಫೋನಿನಲ್ಲಿ ಯಾವುದೋ ಆ್ಯಪ್ ಹಾಕಿಕೊಂಡಿದ್ದ, ಅವಳು ಶಹಬ್ಬಾಸ್ ಹೇಳಿ ಹೇಳಿ ಚಾರ್ಜು ಮುಗಿಸಿದ್ದಳು. ಡಾಕ್ಟರಮ್ಮನ ಫೋನು ಅವಳ ಕಾರಿನಲ್ಲಿತ್ತು. ಎದ್ದು ಹೋಗಿ ನಿಜ ಹೇಳಬಹುದಿತ್ತು. ಆದರೆ ಅಂಗಡಿ ಮುಚ್ಚಿಸಿ ಕರೆಸಿದವಳ ಮುಂದೆ ಬನ್ನಿನ ಎಣ್ಣೆ ಒರೆಸಿಕೊಂಡು ಹೋಗುವುದು ಹೇಗೆ? ಜನ ಚೆದುರುವ ತನಕ ಕಾದು, ಗದ್ದಲದಲ್ಲಿ ನೀವು ನನ್ನನ್ನು ನೋಡಲಿಲ್ಲ ಎಂದರಾಯಿತು ಎಂದುಕೊಂಡ. ಡಾಕ್ಟರಮ್ಮನಿಗೂ ಹಾಗೇ ಹೇಳುವಂತೆ ಕೇಳಿದ.

"ನನ್ ಕೈಲಿ ಆಗಲ್ಲಪ್ಪ" ಎಂದಳು ಅವಳು. "ಹಲ್ಲು ಕೀಳೋಳು ಸುಳ್ಳು ಹೇಳ್ತಾಳೆ ಅಂತ ಗೊತ್ತಾದ್ರೆ ಯಾರು ಬಾಯಿ ತೆಗೀತಾರೆ? ನೀವೇ ಹೇಳ್ಕೊಳ್ಳಿ. ನಾನು ತಂಗಿ ಮನೆಗೆ ಹೋಗ್ತೀನಿ, ಸಂಜೆ ತನಕ ಯಾರ ಕೈಗೂ ಸಿಗಲ್ಲ. ಅಷ್ಟೇ ನಾನು ಮಾಡೋ ಸಹಾಯ."

ಅವಳು ಕುಂಟಿಕೊಂಡು ಹೋದಳು. ಎಕ್ಸ್‌ಪ್ರೆಸ್ ಸಂದಿಗಳಲ್ಲಿ ನಡೆದು, ಬಿಸಿಲೇರಿದ ಮೇಲೆ ಕ್ರೀಡಾಂಗಣದ ಹಿಂಬಾಗಿಲಿಗೆ ಬಂದ. ಮನೆಯವರು ಆಗಲೇ ಹೊರಟುಹೋಗಿದ್ದರು. ಒಳಗೆ ರತ್ನಗಂಬಳಿ ಸುತ್ತುತ್ತಿದ್ದರು. ಪೆಟ್ಟಿಗೆಯಲ್ಲಿ ಉಳಿದ ಪದಕಗಳನ್ನು ಹೇಗಾದರೂ ಖಾಲಿ ಮಾಡಿ ಮನೆಗೆ ಹೋಗಬೇಕೆಂದು ಕಾದಿದ್ದ ಹುಡುಗಿಯೊಬ್ಬಳು, ಇವನ ಎದೆಯ ಮೇಲಿನ ನಂಬರು ನೋಡಿ, ಕೇಳದೆಯೇ ಒಂದನ್ನು ಕುತ್ತಿಗೆಗೆ ಹಾಕಿದಳು. ಇವನು ಕೇಳಲಿಲ್ಲ ನಿಜ. ಕುತ್ತಿಗೆ ಬಗ್ಗಿಸಿದ್ದು ಮಾತ್ರ ಇವನೇ.

ಬಸ್ಸಿಳಿದು ತನ್ನ ಬೀದಿಗೆ ಬಂದಾಗ ಅವನಿಗೊಂದು ಆಶ್ಚರ್ಯ ಕಾದಿತ್ತು. ಎಂದೂ ತಲೆಯೆತ್ತದವರು ತಲೆಯೆತ್ತಿ ನೋಡುತ್ತಿದ್ದರು. ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದುಕೊಂಡೇ ನಿಂತ. ಎದುರಿನ ಕ್ಷೌರಿಕ, ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಾಗಿಲಿಗೆ ಬಂದ.

"ಬಂದ್ಬಿಟ್ರಾ?" ಎಂದ. "ಇಷ್ಟು ಬೇಗ ವಾಪಸ್ ಬರ್ತೀರಿ ಅಂತ ಯಾರೂ ಅಂದ್ಕೊಂಡಿರಲಿಲ್ಲ."

ಎಕ್ಸ್‌ಪ್ರೆಸ್ ಪದಕವನ್ನು ಸ್ವಲ್ಪ ಎದ್ದು ಕಾಣುವಂತೆ ಸರಿಪಡಿಸಿಕೊಂಡ. "ನಾನೂ ಅಂದ್ಕೊಂಡಿರಲಿಲ್ಲ. ಬೇಗ ಮುಗೀತು."

"ಮುಗೀತಾ? ಒಂದೇ ದಿನಕ್ಕಾ?"

"ಮೊದಲು ಚೆನ್ನಾಗೇ ಇತ್ತು. ಸೇತುವೆ ದಾಟಿದ ಮೇಲೆ ಉಸಿರು ಕಟ್ಟೋ ಹಾಗಾಯ್ತು."

"ಆಗದೆ ಇರುತ್ತಾ ಹೇಳಿ. ಈ ವಯಸ್ಸಲ್ಲಿ ಅಂದ್ರೆ ಧೈರ್ಯ ಬೇಕು ಬಿಡಿ."

"ವಯಸ್ಸಿಗೇನಾಗಿದೆ? ಅಜ್ಜಂದಿರೂ ಓಡಿದ್ರು ಇವತ್ತು."

ಕ್ಷೌರಿಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. "ಯಾರ ಜೊತೆ?" ಎಂದ, ಪಿಸುದನಿಯಲ್ಲಿ.

ಈ ಪ್ರಶ್ನೆಯ ತಲೆಬುಡ ತಿಳಿಯದೆ ಎಕ್ಸ್‌ಪ್ರೆಸ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದ. ಮನೆ ಅಂಗಡಿಯ ಮೇಲೇ. ಮೆಟ್ಟಿಲುದ್ದಕ್ಕೂ ಬೇರೆಯವರ ಚಪ್ಪಲಿಗಳಿದ್ದವು. ಅಭಿನಂದಿಸುವುದಕ್ಕೆ ಇಷ್ಟೊಂದು ಜನ ಬಂದಿದ್ದಾರೆಯೇ ಎಂದು ಒಂದು ಗಳಿಗೆ ಎದೆ ಉಬ್ಬಿತು.

ಒಳಗೆ ಅತ್ತೆ ಅದೇ ಮಡಿಚುವ ಕುರ್ಚಿಯನ್ನು ನಡುಮನೆಯಲ್ಲಿ ಬಿಡಿಸಿಕೊಂಡು ಕೂತಿದ್ದರು. ಅವರ ಒಂದು ಕಡೆ, ಕ್ರೀಡಾಂಗಣಕ್ಕೂ ಜೊತೆಗೆ ಹೋಗಿದ್ದ ಭಾಮೈದ, ಇನ್ನೊಂದು ಕಡೆ ಬೇಕರಿಯವಳು. ಗೋಡೆಗೊರಗಿ ನೆರೆಹೊರೆಯ ಹೆಂಗಸರು. ಹೆಂಡತಿ ಕಿಟಕಿಯ ಹತ್ತಿರ ಯಾರದೋ ಕನ್ನಡಕದ ಮೂಗಿನ ಪ್ಯಾಡು ಬದಲಿಸುತ್ತಿದ್ದಳು.

"ಏನ್ ಕಮ್ಮಿ ಮಾಡಿದ್ವಿ ಅಳಿಯಂದ್ರೆ ನಿಮಗೆ?" ಎಂದರು ಅತ್ತೆ. "ನಮ್ಮನ್ನೇ ಅಲ್ಲಿ ಬಿಸಿಲಲ್ಲಿ ಕೂರಿಸಿ, ನಮ್ಮ ಕಣ್ಣೆದುರಿಗೇ ಓಡಿಹೋಗ್ಬೇಕಿತ್ತಾ?"

ಕಣ್ಣೆದುರಿಗೆ ಓಡಬೇಕೆಂದೇ ಅಲ್ಲವೇ ಕರೆಸಿದ್ದು ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಭಾಮೈದ ನಡೆದದ್ದನ್ನು ಹೇಳಿದ. ಗೆರೆಯ ಹತ್ತಿರ ಕಾದು ಕಾದು ಸಾಕಾಗಿ ಅಕ್ಕ ಕೋಚನ್ನು ಹಿಡಿದು, ನಮ್ಮನೆಯವರು ಎಲ್ಲಿ ಎಂದು ಕೇಳಿದ್ದಳು. ಕೋಚ್ ಅವಸರದಲ್ಲಿದ್ದ. "ಅವರಾ? ಡಾಕ್ಟರಮ್ಮನ ಜೊತೆ ಓಡಿಹೋದ್ರಲ್ಲ ಆಗ್ಲೇ. ಸೇತುವೆ ದಾಟಿದ್ದನ್ನ ನಾನೇ ನೋಡಿದೆ. ಇಬ್ರೂ ನಗ್ತಾ ಇದ್ರು" ಎಂದು ಹೇಳಿ ಜನರ ನಡುವೆ ಮಾಯವಾಗಿದ್ದ. ಅತ್ತೆಯ ಕಿವಿಯಲ್ಲಿ ದೋಷವೇನೂ ಇರಲಿಲ್ಲ. ಅವರು ಕೇಳಿಸಿಕೊಂಡಿದ್ದು ಅಕ್ಷರಶಃ ಸರಿಯಾಗಿತ್ತು. ಅಳಿಯ ಬರಲಿಲ್ಲ, ಅವನ ಫೋನು ಸತ್ತಿತ್ತು, ಡಾಕ್ಟರಮ್ಮನದು ಬಡಿದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಇನ್ನೇನು ಬೇಕು? ಮನೆ ಸೇರುವ ಮೊದಲೇ ಅವರು ಬಂಧುಬಳಗದಲ್ಲಿ ಯಾರನ್ನೂ ಬಿಡದೆ ಫೋನು ಮಾಡಿ ತಿಳಿಸಿದ್ದರು.

ಎಕ್ಸ್‌ಪ್ರೆಸ್ಸಿಗೆ ತಲೆ ಗಿರ್ರೆಂದಿತು. ವರ್ಷಗಟ್ಟಲೆ ತಾನು ಓಡಿದೆ, ಓಡಿದೆ ಎಂದು ಬಡಿದುಕೊಂಡಾಗ ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಒಂದೇ ಬೆಳಗಿನಲ್ಲಿ ಬೀದಿಯೆಲ್ಲ ಅದೇ ಮಾತು. ಗಾಬರಿಯಲ್ಲಿ ಬಾಯಿಗೆ ಮೊದಲು ಬಂದದ್ದನ್ನೇ ಹೇಳಿದ.

"ಅಯ್ಯೋ ಅತ್ತೆ, ಹಾಗೇನಿಲ್ಲ. ನಾವಿಬ್ರೂ ಹೋಟೆಲ್ಲಲ್ಲಿದ್ವಿ."

ಗೋಡೆಗೊರಗಿದ್ದ ಹೆಂಗಸರು ನೆಟ್ಟಗಾದರು. ಭಾಮೈದ ತಲೆ ತಗ್ಗಿಸಿಕೊಂಡ. ಬೇಕರಿಯವಳು ಕೂತಲ್ಲಿಂದ ಸ್ವಲ್ಪ ಮುಂದೆ ಜರುಗಿ ಯಾವ ಹೋಟೆಲ್ಲು ಎಂದಳು. ಅವಳಿಗೆ ವ್ಯಾಪಾರದ ಕುತೂಹಲವೂ ಇತ್ತೇನೋ.

"ತಿನ್ನೋ ಹೋಟೆಲ್ಲು" ಎಂದ ಎಕ್ಸ್‌ಪ್ರೆಸ್. ಅಷ್ಟು ಹೇಳಿದ ಕೂಡಲೇ ತಾನೇ ತೋಡಿದ ಹಳ್ಳ ಕಾಣಿಸಿತು. ಹೋಟೆಲ್ಲಿನಲ್ಲಿ ತಿನ್ನುತ್ತಿದ್ದರೆ ಓಡಿದ್ದು ಯಾವಾಗ? ಮಾತು ತಿರುಗಿಸಿದ. ತಿಂದದ್ದು ಓಟ ಮುಗಿದ ಮೇಲೆ ಎಂದ. ಗೆರೆ ದಾಟಿಯೇ ಹೋಗಿದ್ದೆ, ಜನಜಂಗುಳಿಯಲ್ಲಿ ನೀವು ನೋಡಲಿಲ್ಲ ಎಂದ. ಬೇಕಾದರೆ ಇದು ನೋಡಿ ಎಂದು ಪದಕ ಎತ್ತಿ ತೋರಿಸಿದ.

ಭಾಮೈದ ಮೆಲ್ಲಗೆ, "ಭಾವ, ಕೊನೇ ಮನುಷ್ಯ ಬರೋ ತನಕ ನಾವು ಗೆರೆ ಪಕ್ಕದಲ್ಲೇ ಇದ್ವಿ. ಆ ಮನುಷ್ಯ ಒಂದು ಕಾಲಿಗೆ ಪಟ್ಟಿ ಕಟ್ಕೊಂಡಿದ್ದ. ಅಮ್ಮ ಅವನಿಗೆ ಚಹಾ ಕೊಟ್ರು" ಎಂದ.

ಪದಕ ಹಿಡಿದ ಕೈ ಕೆಳಗಿಳಿಯಿತು. ಅಲ್ಲಿಗೆ ದಾರಿ ಎರಡೇ ಉಳಿದವು. ಓಡಿದೆ ಎಂದರೆ ಓಡಿಹೋದವನಾಗುತ್ತಾನೆ. ಓಡಿಹೋಗಲಿಲ್ಲ ಎಂದರೆ ಓಡದವನಾಗುತ್ತಾನೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಆ ಗಳಿಗೆಯಲ್ಲಿ ಎಕ್ಸ್‌ಪ್ರೆಸ್ ಎರಡನ್ನೂ ತೂಗಿ ನೋಡಿದ. ಇಸ್ತ್ರಿಯವನ ಆ ನೋಟ, ಕ್ಷೌರಿಕನ ಆ ಮರ್ಯಾದೆ ನೆನಪಾಯಿತು. ಅಂಥ ಬೆರಗಿನಿಂದ ಅವನನ್ನು ಜನ್ಮದಲ್ಲಿ ಯಾರೂ ನೋಡಿರಲಿಲ್ಲ. ಕಸದ ಗಾಡಿಗಿಂತ ಹಿಂದೆ ಬಿದ್ದವನು ಎನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿಯಲ್ಲವೇ ಎಂದು ಮನಸ್ಸು ಒಂದು ಕ್ಷಣ ಆ ಕಡೆಗೇ ವಾಲಿತು.

ಆಗ ಹೆಂಡತಿ ಕನ್ನಡಕವನ್ನು ಪಕ್ಕಕ್ಕಿಟ್ಟಳು.

"ಬೆಳಗ್ಗೆಯಿಂದ ಹೇಳ್ತಾನೇ ಇದೀನಿ, ಅಮ್ಮ ಕೇಳಲ್ಲ" ಎಂದಳು. "ಇವರು ಓಡಿಹೋಗೋರಲ್ಲ. ಆ ಬೇಕರಿ ತಿರುವು ದಾಟಿದ ಮೇಲೆ ಇವರು ಓಡೋದೇ ನಿಲ್ಲಿಸ್ತಾರೆ ಅಂತ ನನಗೆ ಗೊತ್ತು. ಅಷ್ಟು ದೂರ ಓಡೋಕೆ ಇವರ ಕೈಲಿ ಎಲ್ಲಾಗುತ್ತೆ?"

ಗಂಡನ ಮೇಲೆ ಇಷ್ಟು ದೊಡ್ಡ ನಂಬಿಕೆಯನ್ನು ಯಾವ ಹೆಂಡತಿಯೂ ನಾಲ್ಕು ಜನರ ಮುಂದೆ ತೋರಿಸಿರಲಾರಳು. ಆದರೆ ಎಕ್ಸ್‌ಪ್ರೆಸ್ಸಿಗೆ ಕಿವಿ ಬಿಸಿಯಾಯಿತು. ಯಾಕೆ ಆಗಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಿರುಗಿ ಅವಳ ಮುಖ ನೋಡಿದ. ಮಾತು ದೃಢವಾಗಿತ್ತು, ಆದರೆ ಕಣ್ಣು ಬೆಳಗ್ಗೆಯಿಂದ ಅತ್ತು ಕೆಂಪಾಗಿತ್ತು. ಕಣ್ಣು ನೋಡುವುದೇ ಕಸುಬಾದವನಿಗೆ ಇದು ಇಷ್ಟು ಹೊತ್ತು ಕಾಣಿಸಿರಲಿಲ್ಲ. ಅವಳು ಹೇಳಿದ್ದನ್ನು ಅವಳೇ ಪೂರ್ತಿ ನಂಬಿರಲಿಲ್ಲ, ಅವನ ಬಾಯಿಂದ ಕೇಳಬೇಕೆಂದು ಕಾದಿದ್ದಳು.

ಅವನು ಪದಕ ತೆಗೆದು ಮೇಜಿನ ಮೇಲಿಟ್ಟ.

"ನಾನು ಓಡ್ಲಿಲ್ಲ" ಎಂದ. "ಮಾರ್ಕೆಟ್ ಹತ್ರ ಸುಸ್ತಾಯ್ತು. ಡಾಕ್ಟರಮ್ಮನ ಕಾಲಿಗೆ ಶೂ ಕಚ್ತು. ಇಬ್ರೂ ಕೂತು ಬನ್ನು ತಿಂದ್ವಿ. ಮುಖ ತೋರಿಸೋಕೆ ಆಗದೆ ಅಲ್ಲೇ ಉಳಿದೆ. ಪದಕ ಸುಮ್ಮನೆ ಕೊಟ್ರು, ಹಾಕ್ಕೊಂಡು ಬಂದೆ. ನಾನು ಓಡ್ಲೇ ಇಲ್ಲ."

ಅತ್ತೆ ಕುರ್ಚಿಯಿಂದ ಎದ್ದರು. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. "ಓಡ್ಲಿಲ್ಲವಂತೆ" ಎಂದರು ಬೇಕರಿಯವಳಿಗೆ. "ಓಡ್ಲಿಲ್ಲವಂತೆ" ಎಂದರು ಗೋಡೆಯ ಕಡೆಗೆ. ಆಮೇಲೆ ಕಿಟಕಿಯ ಹತ್ತಿರ ಹೋಗಿ ಎದುರಿನ ಕ್ಷೌರಿಕನಿಗೆ ಕೇಳುವಂತೆ, ನಮ್ಮ ಅಳಿಯಂದಿರು ಓಡಿಲ್ಲ, ಎಲ್ಲಾ ಸುಳ್ಳು ಎಂದು ಸಾರಿದರು. ಅಷ್ಟಕ್ಕೂ ಸಮಾಧಾನವಾಗದೆ ಫೋನು ತೆಗೆದುಕೊಂಡು, ಬೆಳಗ್ಗೆ ಯಾರು ಯಾರಿಗೆ ಮಾಡಿದ್ದರೋ ಅವರೆಲ್ಲರಿಗೂ ಮತ್ತೆ ಮಾಡಿದರು. ಓಡಿಲ್ಲ. ಓಡೋ ಜಾಯಮಾನವೇ ಅಲ್ಲ ಅವರದು. ಇವತ್ತೂ ಓಡಿಲ್ಲ, ಹಿಂದೆಯೂ ಓಡಿಲ್ಲ, ಮುಂದೆಯೂ ಓಡಲ್ಲ, ಬೇಕಾದರೆ ಬರೆದುಕೊಡುತ್ತೇನೆ. ಎಕ್ಸ್‌ಪ್ರೆಸ್ ಸೋಫಾದ ಮೂಲೆಯಲ್ಲಿ ಕೂತು, ತನ್ನ ಮಾನ ಒಂದೊಂದೇ ಕರೆಗೆ ವಾಪಸ್ ಬರುವುದನ್ನೂ, ತನ್ನ ಓಟ ಒಂದೊಂದೇ ಕರೆಗೆ ಅಳಿಸಿಹೋಗುವುದನ್ನೂ ಕೇಳಿಸಿಕೊಂಡ.

ಮುಂದಿನ ವಾರವೆಲ್ಲ ಅಂಗಡಿಗೆ ಬಂದವರು ಅವನ ಕೈ ಕುಲುಕಿದರು. ನೀವು ಓಡಲಿಲ್ಲವಂತಲ್ಲ, ಬಹಳ ಸಂತೋಷ ಎಂದರು. ಕೆಲವರು, ನಮಗೆ ಮೊದಲೇ ಗೊತ್ತಿತ್ತು ಎಂದೂ ಸೇರಿಸಿದರು. ಕ್ಷೌರಿಕ ಮಾತ್ರ ತನಗೇನೋ ಮೋಸವಾದಂತೆ ಮುಖ ಊದಿಸಿಕೊಂಡು ಓಡಾಡಿದ. ಡಾಕ್ಟರಮ್ಮ ತನ್ನ ಮಾತಿನಂತೆ ಭಾನುವಾರ ಸಂಜೆಯೇ ಮನೆಯಲ್ಲಿ ಎಲ್ಲವನ್ನೂ ಹೇಳಿದ್ದಳು. ಅವಳ ಗಂಡ ನಕ್ಕು ನಕ್ಕು, ಬಾಯಿ ಮುಚ್ಚುವುದಕ್ಕಾಗದೆ ದವಡೆ ಹಿಡಿಸಿಕೊಂಡನಂತೆ. ಎಕ್ಸ್‌ಪ್ರೆಸ್ ಕಣ್ಣು ಪರೀಕ್ಷೆಗೆ ಕೂತವರ ಹತ್ತಿರ ಅಕ್ಷರದ ವಿಚಾರ ಬಿಟ್ಟು ಬೇರೇನೂ ಮಾತಾಡಲಿಲ್ಲ. ಆ ವಾರ ಕೊಟ್ಟ ಕನ್ನಡಕಗಳಲ್ಲಿ ಒಂದೂ ವಾಪಸ್ ಬರಲಿಲ್ಲ.

ಒಂದು ಸಂಜೆ ಅಂಗಡಿಯ ಬಾಗಿಲು ಎಳೆಯುವ ಮುಂಚೆ ಹೆಂಡತಿ ಕೌಂಟರಿನ ಗಾಜು ಒರೆಸುತ್ತಿದ್ದಳು. ಒರೆಸುತ್ತಲೇ, ತಲೆಯೆತ್ತದೆ ಕೇಳಿದಳು.

"ರೀ, ಅವತ್ತು ನಿಜವಾಗ್ಲೂ ಎಲ್ಲಿ ತನಕ ಓಡಿದ್ರಿ?"

"ಮೀನಿನ ಮಾರ್ಕೆಟ್ ತನಕ."

ಬಟ್ಟೆ ಹಿಡಿದ ಕೈ ನಿಂತಿತು. "ಸೇತುವೆ ಆಚೆ ಇರೋ ಮೀನಿನ ಮಾರ್ಕೆಟ್ಟಾ?"

"ಹೂಂ."

"ಅಷ್ಟು ದೂರಾನಾ?" ಎಂದಳು. ಅವಳ ಹುಬ್ಬು ಮೇಲೇರಿದ್ದನ್ನು ಅವನು ಕಂಡ. "ನಡುವೆ ಎಲ್ಲೂ ನಿಲ್ಲದೇನೇ?"

ಹೂಂ ಎಂದುಬಿಡುವುದು ಎಷ್ಟು ಸುಲಭವಾಗಿತ್ತು.

"ಒಂದ್ಸಲ ನಿಂತೆ" ಎಂದ. "ಲೇಸ್ ಕಟ್ಟೋಕೆ ಅಂತ. ಆದ್ರೆ ಲೇಸ್ ಬಿಚ್ಚಿರಲಿಲ್ಲ."

ಹೆಂಡತಿ ಅದನ್ನು ಯೋಚಿಸಿದಳು. ಆಮೇಲೆ ಗಾಜಿನ ಮೂಲೆಯ ಒಂದು ಕಲೆಯನ್ನು ಉಗುರಿನಿಂದ ಕೆರೆಯುತ್ತ, "ಅದು ಲೆಕ್ಕಕ್ಕಿಲ್ಲ ಬಿಡಿ" ಎಂದಳು.